ಅತ್ತೆಯವರ ಕಾರಿನ ಎಣ್ಣೆ ಸೋರುವುದು ನಿಂತಿತು

ಅತ್ತೆಯವರಿಗೆ ನಿಮ್ಮ ಸೊಸೆಯ ಶರಣು.

ಇವತ್ತು ಶ್ರಾವಣ ಸೋಮವಾರ, ಉಪವಾಸ. ಎಮ್ಮೆ ಹಿಂಡಿ, ಅಂಗಳ ಸಾರಿಸಿ, ಲಿಂಗಪೂಜೆ ಮುಗಿಸಿ, ಓಣಿಯ ಹೆಂಗಸರು ಬಡಿದುಕೊಟ್ಟ ರೊಟ್ಟಿಯನ್ನು ಲಚ್ಯಾಣದ ಮಠದ ದಾಸೋಹಕ್ಕೆ ಮುಟ್ಟಿಸಿ ಬಂದು, ಈಗ ಬರೆಯಲು ಕೂತೆ. ಹೌದು, ನಿಮ್ಮ ಹಳೆಯ ಅಂಬಾಸಿಡರ್‌ನಲ್ಲೇ. ನಾನೇ ಹೊಡೆದುಕೊಂಡು ಹೋಗಿದ್ದೆ.

ನಾನು ಕಾರು ಕಲಿಯಲೇಬೇಕೆಂದು ನೀವು ಹಟ ಹಿಡಿದ ದಿನ ನೆನಪಿದೆಯೇ? "ಗಂಡಸರನ್ನ ಕಾಯ್ಕೋತ ಕುಂತ್ರ ಮಠದಾಗ ಪಂಕ್ತಿನ ಎದ್ದಿರ್ತೈತಿ, ನೀನ ಕಲಿ" ಅಂದಿರಿ. ಆ ಕಾರೇ ಕೈಬಿಡುವ ಹೊತ್ತು ಬಂದಿತ್ತು, ಅತ್ತೆಯವರೇ. ನೀವು ಲಿಂಗೈಕ್ಯರಾದ ಮೇಲೆ ಅದರ ಕೆಳಗೆ ಎಣ್ಣೆ ತೊಟ್ಟಿಕ್ಕತೊಡಗಿತು. ಇಂಡಿ ಊರಿನ ರಜಾಕ್ ಮೇಸ್ತ್ರಿ ಗೇರ್ ಬಾಕ್ಸಿನ ಹಿಂದಿನ ಸೀಲ್ ಬದಲಿಸಿದ. ಲಚ್ಯಾಣಕ್ಕೆ ಹೋಗಿ ಬಂದರೆ ಮತ್ತದೇ ಕಲೆ.

ಅವತ್ತು ಊಟಕ್ಕೆ ಕೂತಾಗ ನಿಮ್ಮ ಮಗ, "ಅವ್ವನ ಜೋಡಿ ಅದರದೂ ಮುಗೀತು. ಸಿಂದಗಿಯವರು ಕಾರು ಕೇಳಾಕತ್ತಾರ, ಕೊಟ್ಟುಬಿಡೂಣು" ಅಂದರು.

"ನಿಮ್ಮ ಮೊಣಕಾಲು ಹಿಡಕೊಂಡಾಗ ನಾ ನಿಮ್ಮನ್ನ ಯಾರಿಗರೆ ಕೊಟ್ನೇನ್ರಿ?" ಅಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಆದರೂ ಇನ್ನೊಂದು ಸಲ ಸೋರಿದರೆ ಮಾರುವುದೇ ಎಂದರು. ಕಾರು ಹೋದರೆ ರೊಟ್ಟಿ ಬುಟ್ಟಿಗಳನ್ನು ಯಾರು ಹೊರಬೇಕು? ನೀವು ನಡೆಸಿಕೊಂಡು ಬಂದ ಸೋಮವಾರದ ಸೇವೆ ನನ್ನ ಕಾಲಕ್ಕೆ ತಪ್ಪಿತೆಂದರೆ ನಾನು...

ಅಳುತ್ತ ಕೂರುವ ಜಾತಿ ನನ್ನದಲ್ಲ. ಕಾರಿನ ಕೆಳಗೆ ರಟ್ಟು ಹಾಸಿ ದಿನಾ ನೋಡಿದೆ. ಬಿದ್ದದ್ದು ಎಂಜಿನ್ನಿನ ಕಪ್ಪು ಎಣ್ಣೆಯಲ್ಲ; ಮಂದ, ಮೂಗು ಮುಚ್ಚಿಸುವ ವಾಸನೆ, ಗೇರ್ ಬಾಕ್ಸಿನದೇ. ನಿಂತಲ್ಲಿ ಹನಿಯೂ ಇಲ್ಲ, ಹೊಲಕ್ಕೆ ಹೋಗಿ ಬಂದರೂ ಇಲ್ಲ. ದೂರ ಓಡಿ ಬಿಸಿಯಾದ ದಿನ ಮಾತ್ರ. ನಿಮ್ಮ ಮಗನನ್ನೂ ಕರೆದುಕೊಂಡು ಹೋಗಿ ಇದನ್ನೇ ಮೇಸ್ತ್ರಿಗೆ ಹೇಳಿದೆ.

"ಕಾದ ಮ್ಯಾಲಷ್ಟ ಸೋರ್ತದ ಅಂದ್ರ..." ಎನ್ನುತ್ತ ಬ್ಯಾಟರಿ ಹಿಡಿದು ಕಾರಿನ ಕೆಳಗೆ ತೂರಿದ. ಅಲ್ಲಿಂದಲೇ ಕೂಗಿದ: "ಅಕ್ಕಾರ, ಗಡಿಗಿ ಬಾಯಿ ಬಿಗದು ಕುದಿಸಿದ್ರ ಎಲ್ಲಿಂದರೆ ಉಕ್ಕಬೇಕಲ್ರಿ! ಗೇರ್ ಬಾಕ್ಸ್ ಉಸರಾಡೋ ತೂತು ಬಣ್ಣದಾಗ ಮುಚ್ಚಿಹೋಗ್ಯದ. ಯಾವ ಪುಣ್ಯಾತ್ಮ ಬಳದಾನ್ರಿ?"

ನಿಮ್ಮ ಮಗ ನನ್ನ ಮುಖ ನೋಡಿದರು, ನಾನು ಅವರದು. ಹೋದ ದಸರೆಯ ಖಂಡೆ ಪೂಜೆಗೆ ಕಾರಿನ ತಳಕ್ಕೆಲ್ಲ ಕಪ್ಪು ಬಣ್ಣ ಹೊಡೆಸಿದವರು ಯಾರು? "ತುಕ್ಕು ಹಿಡೀತೈತಿ, ಒಂದು ತೂತೂ ಬಿಡಬ್ಯಾಡೋ" ಎಂದು ಪೇಂಟರನ ತಲೆಯ ಮೇಲೆ ನಿಂತವರು ನೀವೇ ಅಲ್ಲವೇ? "ನಮ್ಮವ್ವ!" ಎಂದು ನಿಮ್ಮ ಮಗ ಹೊಟ್ಟೆ ಹಿಡಿದು ನಕ್ಕರು. ನೀವು ಹೋದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡದ್ದು ನಗೆಗೋ ಮತ್ತೆ...

ಮೇಸ್ತ್ರಿ ಬಣ್ಣ ಕೆರೆದು, ತೂತಿಗೆ ತಂತಿ ಆಡಿಸಿ, ಹೊಸ ಸೀಲ್ ಹಾಕಿ, ಎಣ್ಣೆಯನ್ನು ಮಟ್ಟಕ್ಕೆ ತುಂಬಿದ. ಇವತ್ತು ಮಠದಿಂದ ಬಂದವಳೇ ಹೊಸ ರಟ್ಟು ಹಾಸಿದೆ. ಬಹಳ ಹೊತ್ತಿನ ಮೇಲೆ ನಿಮ್ಮ ಮಗನೇ ಬಗ್ಗಿ ಎಳೆದು ತೆಗೆದು, ಮೇಲೆಲ್ಲ ಅಂಗೈ ಸವರಿ ತೋರಿಸಿದರು. ಒಣ!

"ಸಿಂದಗಿಯವರಿಗೆ ಏನಂತ ಹೇಳ್ಲಿ?" ಎಂದು ಈಗಷ್ಟೇ ಕೇಳಿದರು, ಫೋನು ಕೈಯಲ್ಲಿ ಹಿಡಿದೇ.

ನಾನಂದೆ: "ಫೋನಿನ್ಯಾಗ ಬ್ಯಾಡ. ಬರೂ ಸೋಮವಾರ ನಸಿಕಿನ್ಯಾಗ ಬಂದು ನನ್ನ ಉತ್ತರ ಒಯ್ಯಾಕ ಹೇಳ್ರಿ. ಹಿಂದಿನ ಸೀಟಿನ್ಯಾಗ ರೊಟ್ಟಿ ಬುಟ್ಟಿ ಹಿಡಕೊಂಡು ಕೂಡಾಕ ಒಬ್ರು ಬೇಕಾಗ್ಯಾರ."