ನಡುಹೊಳೆಯಲ್ಲಿ ವೀಳ್ಯ

ಮಾಜುಲಿ, ಅಸ್ಸಾಂ
೯ ಅಕ್ಟೋಬರ್

ಮುದ್ದು ಮಾಜನಿ,

ಹೇಗಿದ್ದೀಯ? ಹಾಸ್ಟೆಲಿನ ಅನ್ನ ಈಗಲಾದರೂ ಗಂಟಲಲ್ಲಿ ಇಳಿಯುತ್ತಿದೆಯೇ? ಕೆಮ್ಮು ಹೋಯಿತೇ? ನಾವು ಚೆನ್ನಾಗಿದ್ದೇವೆ. ಕೆಂಪು ಹಸು ಹೆಣ್ಣು ಕರು ಹಾಕಿದೆ. ಅದಕ್ಕೆ ಹೆಸರಿಡುವ ಹಕ್ಕು ಮೊಮ್ಮಗಳದೇ ಎಂದು ನಿನ್ನ ಅಜ್ಜಿ, ನಮ್ಮ ಐತಾ, ಅಪ್ಪಣೆ ಮಾಡಿದ್ದಾರೆ.

ನಿನ್ನ ಕಾಗದ ಓದಿದೆ. ಅಪಘಾತದ ಗಾಯಾಳು ಬಂದಾಗ ಕೈ ನಡುಗಿ ಸೂಜಿ ಕೆಳಗೆ ಬಿತ್ತೆಂದೂ, ಹಿರಿಯ ನರ್ಸ್ "ಗಟ್ಟಿ ಮನಸ್ಸಿಲ್ಲದವರು ಈ ಕೆಲಸಕ್ಕೆ ಯಾಕಾದ್ರೂ ಬರ್ತೀರೋ" ಎಂದರೆಂದೂ, ತರಬೇತಿ ಬಿಟ್ಟು ಬಂದುಬಿಡುತ್ತೇನೆಂದೂ ಬರೆದಿದ್ದೀಯ. ಬಾ ಎಂದಾಗಲಿ ಬರಬೇಡ ಎಂದಾಗಲಿ ನಾನು ಹೇಳುವುದಿಲ್ಲ. ಅದರ ಬದಲು ಕಳೆದ ವಾರ ನಡೆದದ್ದನ್ನು ಬರೆಯುತ್ತೇನೆ. ನೀನು ಗಾಬರಿಯಾಗುತ್ತೀಯೆಂದು ಹೇಳಿರಲಿಲ್ಲ.

ಐತಾರ ಕಣ್ಣನ್ನು ಡಾಕ್ಟರಿಗೆ ತೋರಿಸಿಕೊಂಡು ಜೋರ್ಹಾಟ್‌ನಿಂದ ಇಬ್ಬರೂ ಮರಳುತ್ತಿದ್ದೆವು. ದೋಣಿ ತುಂಬ ಜನ. ನಡುಹೊಳೆಯಲ್ಲಿ ಎಂಜಿನ್ ಗೊರಗೊರ ಸದ್ದು ಮಾಡಿ ನಿಂತೇಹೋಯಿತು. ಬ್ರಹ್ಮಪುತ್ರ ಇನ್ನೂ ಇಳಿದಿಲ್ಲ, ನಿನಗೆ ಗೊತ್ತಲ್ಲ. ದೋಣಿ ಅಡ್ಡ ತಿರುಗಿ ಸೆಳವಿನ ಜೊತೆ ಹೊರಟಿತು. ಯಾರೋ "ಮುಳುಗ್ತೀವಿ!" ಎಂದು ಕೂಗಿದ್ದೇ ತಡ, ಜನರೆಲ್ಲ ದಡ ಕಾಣುವ ಪಕ್ಕಕ್ಕೆ ನುಗ್ಗಿದರು. ದೋಣಿ ವಾಲಿ ನೀರು ಒಳಕ್ಕೆ ಬಂತು. ದೋಣಿ ನಡೆಸುವ ಧರ್ಮೇಶ್ವರ "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಅರಚಿದಷ್ಟೂ ಜನ ಎದ್ದು ನಿಂತರು.

ಹಾಲು ಉಕ್ಕಿದರೆ ಊರಿಗೆಲ್ಲ ಕೇಳುವಂತೆ ಕೂಗಾಡುವವರು ನಿನ್ನ ಐತಾ. ನನಗೆ ಅತ್ತೆಯಾದಾಗಿನಿಂದ ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. ದೋಣಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಚೀಲ ಬಿಚ್ಚಿ, ಚಾಕು ತೆಗೆದು ಅಡಿಕೆ ಹೋಳು ಮಾಡತೊಡಗಿದರು. "ಬನ್ರಪ್ಪಾ, ಎಲೆ ಅಡಿಕೆ ತಗೊಳ್ಳಿ. ನಿಂತವರಿಗೆ ಇಲ್ಲ, ಕೂತವರಿಗಷ್ಟೇ" ಎಂದರು. ಪಕ್ಕದಲ್ಲಿ ಅಳುತ್ತಿದ್ದ ಹೆಂಗಸಿನ ಕೈಗೆ ಮೊದಲು ಕೊಟ್ಟರು. ಗೋಳಾಡುತ್ತಿದ್ದ ಬಟ್ಟೆ ವ್ಯಾಪಾರಿ ಗಿರಿಕಾಂತನಿಗೆ, "ಏ ಗಿರಿ, ಆ ಗಂಟಲಿಗೊಂದಿಷ್ಟು ಸುಣ್ಣ ಹಚ್ಲಾ? ಬಾ, ಇಲ್ಲಿ ಕೂತು ಎಲೆ ಒರೆಸು" ಎಂದರು. ಯಾರೋ ನಕ್ಕರು. ನಕ್ಕವರು ಕೂತರು, ಅವರನ್ನು ನೋಡಿ ಇನ್ನಷ್ಟು ಜನ ಕೂತರು. ದೋಣಿ ಸಮವಾಯಿತು. ಬೆಪ್ಪಾಗಿ ನಿಂತಿದ್ದ ನನ್ನ ಕೈಗೆ ಡಬ್ಬಿ ತುರುಕಿ, "ನೋಡ್ತಾ ನಿಂತ್ಯಲ್ಲೇ, ನೀರು ಮೊಗೆದು ಹಾಕು" ಎಂದರು. ಧರ್ಮೇಶ್ವರ ಬಿದಿರ ಕೋಲು ಊರಿ ಊರಿ ದೋಣಿಯನ್ನು ಮರಳದಿಬ್ಬಕ್ಕೆ ತಾಗಿಸಿದ. ಆಮೇಲೆ ಇನ್ನೊಂದು ದೋಣಿ ಬಂದು ನಮ್ಮನ್ನೆಲ್ಲ ದಾಟಿಸಿತು.

ದಡ ಸೇರಿದ ಮೇಲೆ ಐತಾ ಮರಳಿನ ಮೇಲೆ ಕುಸಿದು ಮಗುವಿನಂತೆ ಅತ್ತರು. "ಅಲ್ಲಿ ಅಷ್ಟು ಧೈರ್ಯವಾಗಿದ್ರಲ್ಲಮ್ಮಾ" ಎಂದೆ.

"ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಜೀವ ಬಾಯಿಗೆ ಬಂದಿತ್ತು. ಚಾಕು ಹಿಡಿದ ಮೇಲೆ ಬೆರಳು ನೋಡ್ಕೋಬೇಕಲ್ಲ, ಹೊಳೆ ನೋಡೋಕೆ ಪುರಸೊತ್ತೆಲ್ಲಿ? ಅಳು ಅಲ್ಲೇ ಬಂದಿತ್ತು ಕಣೇ. ದಡ ಸೇರಿ ಅಳೋಣ ಅಂತ ಇಟ್ಕೊಂಡಿದ್ದೆ."

ಸೂಜಿ ಬಿತ್ತೆಂದು ಬರೆದೆ, ಮಗಳೇ. ಆಮೇಲೆ ಇನ್ನೊಂದನ್ನು ಕೈಗೆತ್ತಿಕೊಂಡೆಯಾ ಎಂಬುದನ್ನು ಬರೆದಿಲ್ಲ. ಆ ಗಾಯಾಳು ಈಗ ಹೇಗಿದ್ದಾನೆ ಎಂದೂ ಬರೆದಿಲ್ಲ. ಅಮ್ಮನಿಗೆ ಅದೂ ತಿಳಿಯಬೇಕು.

ಹೊತ್ತುಹೊತ್ತಿಗೆ ಉಣ್ಣು. ನೀನು ಎಲ್ಲಿದ್ದರೂ ದೇವರ ಕಣ್ಣು ನಿನ್ನ ಮೇಲಿರಲಿ.

ನಿನ್ನ ಅಮ್ಮ,
ತರುಲತಾ

ತಾ.ಕ.: ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಇನ್ನು ಈ ಜನ್ಮದಲ್ಲಿ ದೋಣಿ ಹತ್ತಲ್ಲ ಎಂದಿದ್ದ ಐತಾ ನಿನ್ನ ಸುದ್ದಿ ಕೇಳಿದ್ದೇ ಗಂಟು ಕಟ್ಟಿಕೊಂಡು ಹೊರಟು ನಿಂತಿದ್ದಾರೆ. ಜೊತೆಗೆ ಅಪ್ಪ ಬರುತ್ತಿದ್ದಾರೆ. ಇದನ್ನು ನಿನ್ನ ಕೈಗೆ ಕೊಡುವವರು ಐತಾನೇ. ಬಿಟ್ಟು ಬರುವ ಮಾತು ಆಮೇಲೆ ಆಡು. ಬಂದವರೇ ಜೋರು ಮಾಡುತ್ತಾರೆ, ನಂಬಬೇಡ. ಮೊದಲು ಕೂರಿಸಿ ಚಹಾ ಕೊಡು. ಲೋಟ ತುಂಬ ಬೇಡ, ಅರ್ಧಕ್ಕೆ ಹಾಕು. ದೋಣಿ ಇಳಿದು ಬಂದ ಕೈ ಇನ್ನೂ ನಡುಗುತ್ತಿರುತ್ತದೆ, ಚೆಲ್ಲಿದರೆ ಅವರಿಗೆ ನಾಚಿಕೆಯಾಗುತ್ತದೆ.