ಅಪ್ಪ ನೆಟ್ಟ ಕಡ್ಡಿ

ಫೆಬ್ರವರಿ ೧೨, ಗುರುವಾರ. ಹೊಳೆನರಸೀಪುರ.

ಆ ಕಡ್ಡಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಬೆಳಿಗ್ಗೆ ನನ್ನ ತಮ್ಮ ಮೋಹನನ ಸಮಾಧಿಗೆ ಹಾಲು ತುಪ್ಪ ಬಿಟ್ಟೆವು. ಆಮೇಲೆ ಕೈಕಾಲು ತೊಳೆಯಲು ಎಲ್ಲರೂ ಹೇಮಾವತಿಗೆ ಇಳಿದರೆ, ಅಪ್ಪ ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟು ಕುಳಿತುಬಿಟ್ಟರು. ಹೊಳೆ ಏರುತ್ತಿದೆಯೋ ಇಲ್ಲವೋ ತಿಳಿಯಲು ನಮ್ಮ ಕಡೆ ಮಾಡುವುದೇ ಹಾಗೆ. ಕಡ್ಡಿಯ ಬುಡ ಮುಳುಗದಿದ್ದರೆ ಧೈರ್ಯವಾಗಿ ದಾಟಬಹುದು.

ಸೋಮವಾರ ಸಮುದ್ರ ನೋಡಲು ಹೋಗಿದ್ದಾಗ ಅಲ್ಲಿನ ಗುಹೆಯ ಬಾಯಲ್ಲೂ ಅಪ್ಪ ಹಾಗೇ ನೆಟ್ಟಿದ್ದರು. ಉಬ್ಬರದ ಹೊತ್ತಾಯಿತು, ಒಳಗೆ ಹೋಗಬೇಡಿ ಎಂದು ದೋಣಿಯವನು ಹೇಳಿದ. ಅಪ್ಪ ನಕ್ಕರು.

“ಮ್ವಾಡಾನೂ ಇಲ್ಲ, ಡ್ಯಾಮೂ ಇಲ್ಲ. ನೀರು ಎಲ್ಲಿಂದ ಬತ್ತದಯ್ಯಾ?”

ಸ್ವಲ್ಪ ಹೊತ್ತು ಕಡ್ಡಿಯನ್ನೇ ನೋಡಿ, “ಏರ್ನಿಲ್ಲ, ಓಗ್ಲಾ” ಎಂದು ಮೋಹನನನ್ನು ಕಳಿಸಿದರು. ಅವನು ಮೊಬೈಲ್ ಬೆಳಕು ಹಿಡಿದು ಒಳಗೆ ಹೋದ. “ಅಕ್ಕಾ, ಬಾ, ಒಳ್ಗೆ ತಣ್ಣಗದೆ” ಎಂದು ಕೂಗಿದ್ದು ಕೇಳಿಸಿತು. ನಾವು ಬಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ಊಟ ಬಡಿಸಿ ತಿರುಗಿ ನೋಡಿದರೆ ಕಡ್ಡಿ ಇರಲಿಲ್ಲ. ಗುಹೆಯ ಬಾಯಿಯೂ ಇರಲಿಲ್ಲ.

ಇವತ್ತು ಬೈದೇಬಿಡಬೇಕೆಂದು ಅಪ್ಪನ ಹತ್ತಿರ ಹೋದೆ. ರಟ್ಟೆ ಹಿಡಿದು ಎಬ್ಬಿಸಲು ನೋಡಿದೆ. ಅವರು ನೀರಿನಿಂದ ಕಣ್ಣು ತೆಗೆಯಲಿಲ್ಲ.

“ತಡಿಯವ್ವ, ಇನ್ನೊಂದ್ ಗಳಿಗೆ ನೋಡ್ತೀನಿ. ಅಲ್ಲಿ ಬಿರ್ನೆ ಎದ್ಬುಟ್ಟೆ.”

ರಟ್ಟೆ ಬಿಟ್ಟೆ. ಬಿಸಿಲು ನೆತ್ತಿಗೆ ಬರುವವರೆಗೂ ಪಕ್ಕದಲ್ಲಿ ಕುಳಿತೆ. ಹೊಳೆ ಏರಲೇ ಇಲ್ಲ.