ಸವತಿಯ ಮರಣ ಪ್ರಮಾಣಪತ್ರ

ಕೆಲ್ಬಿ ಮಿಲ್ಸ್, ನ್ಯೂಯಾರ್ಕ್ ರಾಜ್ಯ
೧೪ ಅಕ್ಟೋಬರ್ ೧೯೮೭

ಪ್ರೀತಿಯ ಇರೇನಾ,

ನಿನ್ನ ಎದೆಯ ಗಂಟು ಬರೀ ಕೊಬ್ಬಿನದು, ಹೆದರುವಂಥದ್ದಲ್ಲ ಎಂದು ಡಾಕ್ಟರು ಹೇಳಿದರೆಂದು ನೀನು ಫೋನಿನಲ್ಲಿ ತಿಳಿಸಿದೆಯಲ್ಲ, ಆಗ ನಾನು ಅಡುಗೆಮನೆಯ ನೆಲದ ಮೇಲೇ ಕುಳಿತುಬಿಟ್ಟೆ. ನಿನ್ನಪ್ಪ ಬಂದು ಕೈಹಿಡಿದು ಎಬ್ಬಿಸಬೇಕಾಯಿತು. ಆ ಭಯ ಕಳೆದದ್ದರಿಂದಲೇ ಇದನ್ನು ಬರೆಯುವ ಧೈರ್ಯ ಬಂದಿದೆ. ನಿನ್ನ ತಾಯಿ ಯಾವ ಕಾಯಿಲೆಯಿಂದ ತೀರಿಕೊಂಡಳು ಎಂಬುದನ್ನಷ್ಟೇ ನಿನಗೆ ಹೇಳಿದ್ದೆ. ಯಾರ ಮನೆಯಲ್ಲಿ ಎಂಬುದನ್ನು ಹೇಳಿರಲಿಲ್ಲ. ಅವಳ ಮರಣ ಪ್ರಮಾಣಪತ್ರದ ನಕಲು ಇದೇ ಲಕೋಟೆಯಲ್ಲಿದೆ. ಆದರೆ ಮೊದಲು ನನ್ನ ಪತ್ರ ಓದು.

ನೀನು ವಂಶವೃಕ್ಷ ಬರೆಯಲು ಹೊರಟಾಗಲೇ ನನಗೆ ಇರಿಸುಮುರಿಸಾಗಿತ್ತು. ಆ ಮರದಲ್ಲಿ ನಿನ್ನ ತಾಯಿ ಬ್ರೋನ್ಯಾಗೆ ಒಂದು ಕೊಂಬೆ ಸಿಗುತ್ತದೆ, ಅದರಿಂದ ನೀನು, ನಿನ್ನಿಂದ ನಿನ್ನ ಮಕ್ಕಳು. ನನಗೆ ಎಲ್ಲೋ ಅಂಚಿನಲ್ಲಿ ಒಂದು ಹೆಸರು. ನೀನು ಹತ್ತು ವರ್ಷದವಳಿದ್ದಾಗ ನಾನು ಈ ಮನೆಗೆ ಬಂದೆ. ಮೊದಲ ದಿನ ಜಡೆ ಹಾಕಲು ಹೋದರೆ, “ನಮ್ಮಮ್ಮ ಹೀಗೆ ಎಳೀತಿರಲಿಲ್ಲ” ಅಂದೆ. ಊಟದ ಮನೆಯ ಗೋಡೆಯ ಮೇಲೆ ಅವಳ ಫೋಟೋ. ನನ್ನ ಕೂದಲು ನರೆಯಿತು, ಸೊಂಟ ಅಗಲವಾಯಿತು, ಅವಳು ಮಾತ್ರ ಬಿಳಿ ಕಾಲರಿನ ಅಂಗಿಯಲ್ಲಿ ಹಾಗೇ ನಗುತ್ತಿದ್ದಳು. ಸತ್ತ ಸವತಿಗೆ ವಯಸ್ಸಾಗುವುದಿಲ್ಲ ಇರೇನಾ. ಅವಳ ಸಾರು ಉಪ್ಪಾಗುವುದಿಲ್ಲ, ಅವಳು ಗಂಡನ ಮೇಲೆ ಕಿರುಚುವುದೂ ಇಲ್ಲ.

ಆದರೂ ನಿನ್ನ ಡಾಕ್ಟರು ತಾಯಿಯ ಸಾವಿನ ಕಾರಣ ಕೇಳಿದರು ಎಂದ ಮೇಲೆ ಸುಮ್ಮನಿರಲು ಆಗಲಿಲ್ಲ. ನಿನ್ನಪ್ಪನನ್ನು ಕೇಳಿದರೆ “ಜ್ವರ” ಎಂದು ರೇಡಿಯೋ ಜೋರು ಮಾಡಿದರು. ಪುರಸಭೆಯ ಕಚೇರಿಗೆ ಹೋದೆ. ಅಲ್ಲಿಯ ದಾಖಲೆಯ ಹೆಂಗಸು ಹುಡುಕಿ ನೋಡಿ ತಲೆಯಲ್ಲಾಡಿಸಿದಳು.

“ಈ ಊರಲ್ಲಿ ತೀರ್ಕೊಂಡಿಲ್ಲ ಇವರು,” ಅಂದಳು.

“ಇಲ್ಲೇ ಸಮಾಧಿ ಇದೆಯಲ್ಲ!” ಅಂದೆ.

“ಹೂಳೋದು ಎಲ್ಲಾದರೂ ಹೂಳ್ತಾರಮ್ಮ. ಸಾವು ಎಲ್ಲಾಯ್ತೋ ಆ ಊರಿನವರು ಬರ್ಕೋತಾರೆ. ಇಗರ್ಜಿಯಲ್ಲಿ ಕೇಳಿ ನೋಡಿ.”

ಇಗರ್ಜಿಯ ಸಮಾಧಿ ದಾಖಲೆಯಲ್ಲಿ, ಶವವನ್ನು ಸ್ಯಾಂಡರ್ಸ್ ಬೇಯಿಂದ ತಂದದ್ದೆಂದು ಇತ್ತು. ಸರೋವರದ ದಡದ ಆ ಊರಿನ ಹೆಸರನ್ನು ನಿನ್ನಪ್ಪನ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. “ಆಸ್ಪತ್ರೆ ಅಲ್ಲಿತ್ತಂತೆ” ಎಂದು ನಿನಗೆ ಸುಳ್ಳು ಹೇಳಿ, ಪ್ರಮಾಣಪತ್ರದ ಅರ್ಜಿಗೆ ಮಗಳಾದ ನಿನ್ನ ಸಹಿ ತರಿಸಿಕೊಂಡೆ. ನನ್ನ ಸಹಿಗೆ ಅಲ್ಲಿ ಬೆಲೆಯಿರಲಿಲ್ಲ. ಅಂಚೆಯಲ್ಲಿ ಕಳಿಸಬಹುದಿತ್ತು, ಆದರೆ ತಡೆಯಲಾರದೆ ಬಸ್ಸು ಹತ್ತಿದೆ.

ಅಲ್ಲಿಯ ಕಚೇರಿಯಲ್ಲಿ ಪ್ರಮಾಣಪತ್ರ ಕೈಗೆ ಬಂದಾಗ ಮೊದಲು ಕಾಯಿಲೆ ಓದಿದೆ, ಎದೆಯ ಕ್ಯಾನ್ಸರ್ ಎಂದಿತ್ತು, ಅಲ್ಲಿಂದಲೇ ನಿನಗೆ ಫೋನು ಮಾಡಿದೆ. ಉಳಿದದ್ದನ್ನು ಓದಿದ್ದು ಆಮೇಲೆ. ವಾಸಸ್ಥಳ: ಸ್ಯಾಂಡರ್ಸ್ ಬೇ. ಕೆಲ್ಬಿ ಮಿಲ್ಸ್ ಅಲ್ಲ! ಗಂಡನಿಂದ ಬೇರೆಯಾಗಿದ್ದವಳು. ಮಾಹಿತಿ ಕೊಟ್ಟವರು: ತಂಗಿ ಸ್ಟೆಲ್ಲಾ. ಯಾವಾಗಲೋ ಶಿಕಾಗೋಗೆ ಹೋಗಿಬಿಟ್ಟಳು ಎಂದು ನಿನ್ನಪ್ಪ ಹೇಳುತ್ತಿದ್ದ ನಿನ್ನ ಚಿಕ್ಕಮ್ಮ ಸ್ಟೆಲ್ಲಾ. ಪತ್ರದಲ್ಲಿದ್ದ ವಿಳಾಸಕ್ಕೆ ನಡೆದೆ. ಬಾಗಿಲು ತೆಗೆದವಳು ಅವಳೇ.

ನಾನು ಯಾರೆಂದು ಹೇಳಿದ ಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಓ, ಕಾಜ್‌ನ ಎರಡನೆಯವಳಾ? ಪರವಾಗಿಲ್ಲ, ಗಟ್ಟಿಮುಟ್ಟಾಗಿದ್ದೀಯ. ನಮ್ಮಕ್ಕ ಹೂವಿನ ಕಡ್ಡಿ ಹಾಗಿದ್ಳು,” ಅಂದಳು. ಅಲ್ಲಿಂದಲೇ ತಿರುಗಿ ಬರಬೇಕಿತ್ತು. ಬರಲಿಲ್ಲ. ಅವಳು ಕೊಟ್ಟ ಗಸಗಸೆ ರೊಟ್ಟಿಯನ್ನು ತಿನ್ನುತ್ತಾ ಕೇಳಿದೆ.

ಬ್ರೋನ್ಯಾ ಸತ್ತದ್ದು ನಿನ್ನಪ್ಪನ ಮನೆಯಲ್ಲಲ್ಲ. ಸಾಯುವುದಕ್ಕೆ ಮುಂಚೆಯೇ ಅವರನ್ನು ಬಿಟ್ಟಿದ್ದಳು. ನೀನು ಶಾಲೆಗೆ ಹೋಗಿದ್ದಾಗ ಒಂದು ಪೆಟ್ಟಿಗೆ ಹಿಡಿದು ಹೊರಟಳಂತೆ. ಹೊಡೆತವಿರಲಿಲ್ಲ, ಕುಡಿತವಿರಲಿಲ್ಲ. “ಆ ಮನೇಲಿ ಅತ್ತೆ ಮಾತಾಡ್ತಿದ್ಳು, ಗಂಡ ಬಾಯಿ ಬಿಡ್ತಿರಲಿಲ್ಲ, ಅಷ್ಟೇ,” ಎಂದಳು ಸ್ಟೆಲ್ಲಾ. ಸ್ಯಾಂಡರ್ಸ್ ಬೇಗೆ ಹೋಗಿ ಹಣ್ಣಿನ ಡಬ್ಬಿ ತುಂಬುವ ಕಾರ್ಖಾನೆ ಸೇರಿದಳು. ಕೈಯೆಲ್ಲ ಚೆರ್ರಿಯ ಕೆಂಪು, ಬಾಯ್ತುಂಬ ನಗು. ವರ್ಷ ತುಂಬುವುದರೊಳಗೆ ಹಾಸಿಗೆ ಹಿಡಿದಳು.

ನನಗೆ ಹಗುರಾಗಬೇಕಿತ್ತಲ್ಲವೇ? ಆ ಫೋಟೋದ ದೇವತೆ ಗಂಡನನ್ನೂ ಐದು ವರ್ಷದ ಮಗುವನ್ನೂ ಬಿಟ್ಟು ಹೋದವಳು! ಒಂದು ಗಳಿಗೆ ನಿಜಕ್ಕೂ ಹಗುರಾಯಿತು. ಆಮೇಲೆ ಸ್ಟೆಲ್ಲಾ ಇನ್ನೊಂದು ಮಾತು ಹೇಳಿದಳು.

“ಕಾಯಿಲೆ ಅಂತ ಗೊತ್ತಾದ ಮೇಲೆ ಪ್ರತಿ ಶನಿವಾರ ಬರ್ತಿದ್ದ ನಿನ್ ಗಂಡ. ಗಿರಣಿ ಕೆಲಸ ಮುಗಿಸಿ, ಅದೇ ಬಟ್ಟೇಲಿ. ಅವಳ ತಲೆ ಬಾಚ್ತಿದ್ದ. ನಾನು ಬಾಚಿದ್ರೆ ನೋಯುತ್ತೆ ಅಂತಿದ್ಳು, ಅವನ ಕೈಯಾದ್ರೆ ಸುಮ್ನಿರ್ತಿದ್ಳು.”

ತಲೆ ಬಾಚುತ್ತಿದ್ದರಂತೆ, ಇರೇನಾ! ನನಗೆ ನ್ಯುಮೋನಿಯಾ ಆದಾಗ ಪಕ್ಕದ ಮನೆಯವಳಿಗೆ ಹೇಳಿ ಗಂಜಿ ಕಳಿಸಿದ ಮನುಷ್ಯ ಇವರು. ಬಿಟ್ಟು ಹೋದವಳಿಗೆ ಅಷ್ಟು, ಬಿಡದೆ ಉಳಿದವಳಿಗೆ ಇಷ್ಟು. ಅವಳು ಒಳ್ಳೆಯ ಹೆಂಡತಿಯಾಗಿದ್ದಳು ಎಂದುಕೊಂಡಾಗಲೂ ನನ್ನ ಹೊಟ್ಟೆ ಇಷ್ಟು ಉರಿದಿರಲಿಲ್ಲ.

ಮನೆಗೆ ಬಂದು ಕಾಗದವನ್ನು ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಓದಿದರು. ಚಮಚ ಕೆಳಗಿಟ್ಟರು.

“ಇರೇನಾಗೆ ತಿಳೀಬಾರ್ದು,” ಅಂದರು. “ಅಮ್ಮ ಬಿಟ್ಟುಹೋದ್ಳು ಅನ್ನೋದಕ್ಕಿಂತ ಅಮ್ಮ ಸತ್ತುಹೋದ್ಳು ಅನ್ನೋದು ಮಕ್ಕಳಿಗೆ ಮೇಲು.”

“ಅದಕ್ಕೇನಾ ಭಾನುವಾರ ಭಾನುವಾರ ಸಮಾಧಿಗೆ ಹೂವು?”

“ಹೂಂ. ಇರೇನಾಗೋಸ್ಕರ.”

“ಇರೇನಾ ಮದುವೆಯಾಗಿ ಆರೆಗಾನ್‌ಗೆ ಹೋಗಿ ಎಷ್ಟು ಕಾಲವಾಯ್ತು, ಕಾಜ್? ಆಮೇಲೂ ಯಾಕೆ ಹೋಗ್ತಿದ್ದೆ?”

ಕಾಗದವನ್ನು ಮಡಿಸಿ ನನ್ನ ಕಡೆ ತಳ್ಳಿದರು. “ನಿಲ್ಲಿಸಿದ್ರೆ, ಯಾಕೆ ನಿಲ್ಲಿಸಿದೆ ಅಂತ ನೀನು ಕೇಳ್ತಿದ್ದೆ,” ಅಂದರು.

ನನಗೆ ನಗು ಬಂತು. ಅದರ ಹಿಂದೆಯೇ ಅಳು ಬಂತು. ಅದನ್ನು ನಂಬಬೇಕೋ ಬೇಡವೋ ಇವತ್ತಿಗೂ ತಿಳಿದಿಲ್ಲ. ನಂಬಿದರೆ, ಇಷ್ಟು ವರ್ಷ ಅವರು ಹೂವು ಇಟ್ಟದ್ದು ಬ್ರೋನ್ಯಾಗಲ್ಲ, ನಿನಗೆ. ಹಾಗಿದ್ದರೆ ನಾನು ಹೊಟ್ಟೆಕಿಚ್ಚು ಪಡಬೇಕಾದದ್ದು ನಿನ್ನ ಮೇಲೆ. ಪಟ್ಟೂ ನೋಡಿದೆ, ಆಗಲಿಲ್ಲ. ಗಂಟಿನ ಸುದ್ದಿಗಾಗಿ ಕಾದ ಆ ದಿನಗಳಲ್ಲಿ ನಾನು ಅವರಿಗಿಂತ ಹೆಚ್ಚು ಹೆದರಿದ್ದೆ.

ನಿನ್ನ ವಂಶವೃಕ್ಷದಲ್ಲಿ ಏನು ಬರೆಯುತ್ತೀಯೋ ನಿನಗೆ ಬಿಟ್ಟದ್ದು. ಅವಳು ನಿನ್ನನ್ನು ಬಿಟ್ಟು ಹೋದದ್ದಂತೂ ನಿಜ. ಮಕ್ಕಳಿಗೆ ನನ್ನ ಮುತ್ತು.

ನಿನ್ನ ಒಳಿತನ್ನೇ ಬಯಸುವ,
ಯಾದ್ವಿಗಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿಯಾಗಿತ್ತು, ಮತ್ತೆ ಬಿಡಿಸಿದ್ದೇನೆ. ಸ್ಟೆಲ್ಲಾ ಹೇಳಿದ್ದನ್ನೆಲ್ಲ ನಾನು ಬರೆದಿಲ್ಲ. ಕೆಲಸ ಸಿಕ್ಕಿದ ಕೂಡಲೇ ಬ್ರೋನ್ಯಾ ನಿನ್ನನ್ನು ಕರೆದೊಯ್ಯಲು ಬಂದಿದ್ದಳು, ಒಮ್ಮೆಯಲ್ಲ. ನಿನ್ನಪ್ಪ ಬಾಗಿಲು ತೆಗೆಯಲಿಲ್ಲ. ಹಾಸಿಗೆ ಹಿಡಿದ ಮೇಲೆ ಪ್ರತಿ ಶನಿವಾರವೂ “ಮುಂದಿನ ಸಲ ಮಗೂನ ಕರ್ಕೊಂಡ್ ಬಾ” ಎಂದು ಬೇಡುತ್ತಿದ್ದಳಂತೆ. ಅವರು ಹೂಂ ಎನ್ನುತ್ತಾ ತಲೆ ಬಾಚುತ್ತಿದ್ದರಂತೆ. ಕರೆದೊಯ್ಯಲಿಲ್ಲ. ಒಂದೇ ಒಂದು ಸಲ ನೀನು ಅವಳ ಮೇಲೆ ಸಿಟ್ಟಾಗಲಿ ಎಂಬ ಆಸೆಯಿಂದ ಇದನ್ನು ಮುಚ್ಚಿಟ್ಟಿದ್ದೆ. ಸ್ಟೆಲ್ಲಾ ನಿನ್ನನ್ನು ನೋಡಬೇಕಂತೆ, ಹೋಗಿ ಬಾ. ನನ್ನನ್ನು ಮಾತ್ರ ಜೊತೆಗೆ ಕರೆಯಬೇಡ.